ತೂಕ ಇಳಿಸುವ ಆಪರೇಷನ್ ಆದ ಮೇಲೆ: ಯಾವಾಗ ನಡಿಗೆ, ಯಾವಾಗ ಜಿಮ್, ಯಾವಾಗ ಬೆಟ್ಟ?

ಬೇರಿಯಾಟ್ರಿಕ್ ಆಪರೇಷನ್ ಮಾಡಿಸಿಕೊಂಡವರ ಪತ್ರಗಳು ಸಾಕಷ್ಟು ಸೇರಿಕೊಂಡಿವೆ. ಹೆಚ್ಚಿನವರು ಕೇಳುವುದು ಒಂದನ್ನೇ: ಮೈ ಬಳಸೋದು ಯಾವಾಗ, ಎಷ್ಟು? ಅದಕ್ಕೇ ಈ ಸಲದ ಅಂಕಣ ಪೂರ್ತಿ ಅವರದು. ಉತ್ತರ ಕೊಟ್ಟವರು ನಮ್ಮ ಫಿಸಿಯೋಥೆರಪಿ ಮತ್ತು ಆಹಾರ ತಜ್ಞರು.

ಓದುವ ಮುನ್ನ ಎರಡು ಮಾತು. ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುವುದು. ಇಲ್ಲಿ ಬೈಪಾಸ್ ಅಂದರೆ ಹೃದಯದ್ದಲ್ಲ. ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್. ಕೆಳಗಿನ ವಾರಗಳ ಲೆಕ್ಕವೆಲ್ಲ ಸಣ್ಣ ರಂಧ್ರಗಳ ಮೂಲಕ, ತೊಡಕಿಲ್ಲದೆ ಮುಗಿದ ಆಪರೇಷನ್‌ಗೆ ಸಲ್ಲುತ್ತದೆ. ಹೊಟ್ಟೆ ತೆರೆದು ಮಾಡಿದ್ದರೆ, ಜೊತೆಗೆ ಹರ್ನಿಯಾ ಸರಿಪಡಿಸಿದ್ದರೆ, ನಿಮ್ಮ ಸರ್ಜನ್ ಹೇಳಿದ್ದೇ ಲೆಕ್ಕ.

ಪ್ರಶ್ನೆ: ಸ್ಲೀವ್ ಆಪರೇಷನ್ ಆಗಿ ಆರು ದಿನ. ಮನೆಗೆ ಬಂದಿದ್ದೇನೆ. ಆಸ್ಪತ್ರೆಯಲ್ಲಿ ‘ನಡೀರಿ ನಡೀರಿ’ ಅಂದರು, ಮನೆಯಲ್ಲಿ ‘ಮಲಗಿ ಮಲಗಿ’ ಅಂತಾರೆ. ಒಳಗಿನ ಹೊಲಿಗೆ ಬಿಚ್ಚಿದರೆ ಅಂತ ನನಗೂ ಭಯ. ಮೊದಲ ಎರಡು ದಿನ ಭುಜ ವಿಪರೀತ ನೋಯುತ್ತಿತ್ತು, ಈಗಿಲ್ಲ. ದಿನಕ್ಕೆ ಎಷ್ಟು ನಡೆಯಲಿ?
— 45 ವರ್ಷ, ದಾವಣಗೆರೆ

ಉತ್ತರ: ನಡೆದರೆ ಹೊಲಿಗೆ ಬಿಚ್ಚುವುದಿಲ್ಲ. ನಿಮ್ಮ ಜಠರವನ್ನು ಮುಚ್ಚಿರುವುದು ಸಾಲು ಸಾಲು ಟೈಟಾನಿಯಂ ಸ್ಟೇಪಲ್. ನಡಿಗೆಯ ಅಲುಗಾಟ ಅದನ್ನು ಎಳೆಯುವುದಿಲ್ಲ. ಅಪಾಯ ಇರುವುದು ಮಲಗಿರುವುದರಲ್ಲಿ. ದೊಡ್ಡ ಮೈ, ಆಪರೇಷನ್, ಮೇಲೆ ಹಾಸಿಗೆ, ಈ ಮೂರೂ ಸೇರಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಇಂಥ ತೊಂದರೆ ಆಸ್ಪತ್ರೆಯಲ್ಲಿ ಇರುವಾಗಿಗಿಂತ ಮನೆಗೆ ಬಂದ ಮೇಲಿನ ಮೊದಲ ತಿಂಗಳಲ್ಲೇ ಹೆಚ್ಚು. ಹೊಟ್ಟೆಗೆ ಚುಚ್ಚಿಕೊಳ್ಳುವ ಹೆಪ್ಪುನಿರೋಧಕ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ‘ನಡೀತಾ ಇದೀನಲ್ಲ’ ಅಂತ ಬಿಡಬೇಡಿ. ಅದರ ಕೆಲಸ ಅದಕ್ಕೆ, ನಡಿಗೆಯ ಕೆಲಸ ನಡಿಗೆಗೆ.

ಈ ವಾರ ಒಟ್ಟು ದೂರದ ಲೆಕ್ಕ ಬೇಡ. ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಎದ್ದು ಐದು ನಿಮಿಷ ಮನೆಯೊಳಗೇ ಓಡಾಡಿ. ಬೆಳಿಗ್ಗೆ ಒಂದೇ ಸಲ ಅರ್ಧ ಗಂಟೆ ನಡೆದು ಸಂಜೆಯ ತನಕ ಒರಗಿ ಕೂತರೆ ಕಾಲಿನ ರಕ್ತಕ್ಕೆ ಏನೂ ಸಿಕ್ಕಂತಾಗಲಿಲ್ಲ. ಎರಡನೇ ವಾರ ಹತ್ತು ನಿಮಿಷದಂತೆ ನಾಲ್ಕು ಸಲ. ಮೂರನೇ ವಾರ ಹದಿನೈದರಿಂದ ಇಪ್ಪತ್ತು ನಿಮಿಷ, ಮೂರು ಸಲ. ನಾಲ್ಕನೇ ವಾರದ ಕೊನೆಗೆ ಒಂದೇ ಉಸುರಿಗೆ ಮೂವತ್ತು ನಿಮಿಷ ಆದರೆ ಬಹಳ ಚೆನ್ನಾಗಿದೆ. ಆಗದಿದ್ದರೂ ಗಾಬರಿ ಬೇಡ, ಹಿಂದಿನ ವಾರದ್ದನ್ನೇ ಇನ್ನೊಂದು ವಾರ ಮಾಡಿ. ವೇಗ ಎಷ್ಟಿರಬೇಕು? ಮೊದಲ ಎರಡು ವಾರ ನಡೆಯುತ್ತಲೇ ಹಾಡಲು ಆಗಬೇಕು. ಆಮೇಲೆ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಹಾಸಿಗೆಯಿಂದ ಏಳುವಾಗ ನೆಟ್ಟಗೆ ಎದ್ದು ಕೂರಬೇಡಿ. ಮಂಡಿ ಮಡಚಿ, ಇಡೀ ದೇಹವನ್ನು ಒಂದೇ ಸಲ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಬಿಡುತ್ತಾ ಕೈಯೂರಿ ಎದ್ದೇಳಿ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಅವುಚಿ ಹಿಡಿಯಿರಿ. ಮೂರು ಚೆಂಡಿನ ಉಸಿರಾಟದ ಉಪಕರಣ ಕೊಟ್ಟಿದ್ದಾರೆ ತಾನೆ? ಹಲವರು ಅದನ್ನು ಊದುತ್ತಾರೆ. ಅದು ಊದುವುದಕ್ಕಲ್ಲ, ಎಳೆದುಕೊಳ್ಳುವುದಕ್ಕೆ. ನಿಧಾನವಾಗಿ ಎಳೆದು, ಮೂರು ಸೆಕೆಂಡ್ ಹಿಡಿದು, ಬಿಡಿ. ಗಂಟೆಗೆ ಹತ್ತು ಸಲ.

ನಿಮ್ಮ ಭುಜದ ನೋವಿಗೆ ಕಾರಣ ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್. ಅದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯನ್ನು, ಕೆಣಕುತ್ತದೆ, ನೋವು ಭುಜದಲ್ಲಿ ಕಾಣಿಸುತ್ತದೆ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಆದರೆ ಹೋದ ನೋವು ಈಗ ಮತ್ತೆ, ಅದರಲ್ಲೂ ಎಡ ಭುಜದಲ್ಲಿ ಬಂದರೆ ಅದು ಗ್ಯಾಸ್ ಅಲ್ಲ, ಸ್ಟೇಪಲ್ ಸಾಲಿನಲ್ಲಿ ಸೋರಿಕೆ ಇರಬಹುದು. ದಿನಕ್ಕೆರಡು ಸಲ ನಾಡಿ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಸುಮ್ಮನೆ ಕೂತಾಗಲೂ 100 ದಾಟಿಯೇ ಇದ್ದರೆ ಸರ್ಜನ್‌ಗೆ ಫೋನ್ ಮಾಡಿ. 120 ದಾಟಿದರೆ ಫೋನಿಗೆ ಕಾಯದೆ ಹೊರಡಿ. ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಒಂದೇ ಮೀನಖಂಡದಲ್ಲಿ ಊತ, ಇದ್ದಕ್ಕಿದ್ದಂತೆ ಏದುಸಿರು, ಇವು ಕಂಡರೂ ಕಾಯದೆ ಹೊರಡಿ.

ಪ್ರಶ್ನೆ: ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಆಪರೇಷನ್ ದಿನಾಂಕ ಗೊತ್ತಾಗಿದೆ. ಕೆಳಗೆ ಬಾಡಿಗೆ ಮನೆ ನೋಡಬೇಕೆ?
— ಬೆಂಗಳೂರು

ಉತ್ತರ: ಬೇಡ. ಡಿಸ್ಚಾರ್ಜ್ ದಿನವೇ ಹತ್ತಬಹುದು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಸೇರಿಸಿ, ಕಂಬಿ ಹಿಡಿದು, ಮೆಟ್ಟಿಲ ತಿರುವಿನ ಸಮತಟ್ಟು ಜಾಗದಲ್ಲಿ ಒಂದು ನಿಮಿಷ ನಿಂತು ಹತ್ತಿ. ಮೊದಲ ವಾರ ದಿನಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಡ. ಬ್ಯಾಗು, ತರಕಾರಿ ಬೇರೆಯವರ ಕೈಯಲ್ಲಿರಲಿ.

ಪ್ರಶ್ನೆ: ನಮಸ್ಕಾರ್ರೀ. ಸ್ಲೀವ್ ಆಪರೇಷನ್ ಆಗಿ ಮೂರು ವಾರ ಆತು. ಮನ್ಯಾಗ ಎಲ್ಲಾರೂ ‘ಕೆಲಸಕ್ಕ ಕೈ ಹಚ್ಚಬ್ಯಾಡ’ ಅಂತಾರ. ಕುಂತು ಕುಂತು ಬ್ಯಾಸರಾಗೇತಿ. ರೊಟ್ಟಿ ಬಡೀಬಹುದೇನ್ರೀ? ನೀರಿನ ಕೊಡ ಎತ್ತಬಹುದಾ? ಮೊಮ್ಮಗ ಎತ್ಕೋ ಅಂತ ಅಳತಾನ, 11 ಕಿಲೋ ಅದಾನ.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ರೊಟ್ಟಿ ಬಡಿಯಿರಿ, ಆದರೆ ನೆಲದ ಮೇಲೆ ಕೂತಲ್ಲ, ಕಟ್ಟೆಯ ಮುಂದೆ ನಿಂತು. ಹಿಟ್ಟು ನಾದುವಾಗ ಹೊಟ್ಟೆ ಬಿಗಿಯುತ್ತದೆ, ಆದ್ದರಿಂದ ಒಂದು ಸಲಕ್ಕೆ ನಾಲ್ಕೈದು ರೊಟ್ಟಿಗೆ ಆಗುವಷ್ಟೇ ನಾದಿಕೊಳ್ಳಿ. ಬೆವರು ಬಂದರೆ, ಕೈಕಾಲು ನಡುಗಿದರೆ ಅಲ್ಲಿಗೆ ನಿಲ್ಲಿಸಿ. ಒಲೆಯ ಮುಂದೆ ನಿಂತಾಗ ಮೈಯ ನೀರು ಬೇಗ ಹೋಗುತ್ತದೆ, ನಿಮಗೆ ಒಮ್ಮೆಗೇ ಕುಡಿದು ತುಂಬಿಸಿಕೊಳ್ಳಲು ಆಗುವುದಿಲ್ಲವಲ್ಲ.

ಕೊಡ ಬೇಡ. ಆರು ವಾರ ತುಂಬುವ ತನಕ ಎತ್ತುವ ಮಿತಿ 4ರಿಂದ 5 ಕಿಲೋ. ಹದಿನೈದು ಲೀಟರಿನ ತುಂಬಿದ ಕೊಡ ಅದರ ಮೂರು ಪಟ್ಟು. ಈ ಮಿತಿ ಯಾಕೆ ಅನ್ನುವುದು ತಿಳಿದರೆ ಪಾಲಿಸುವುದು ಸುಲಭ. ನಿಮ್ಮ ಹೊಟ್ಟೆಯ ಮೇಲಿನ ನಾಲ್ಕೈದು ಗಾಯಗಳಲ್ಲಿ ಒಂದು ಉಳಿದವಕ್ಕಿಂತ ದೊಡ್ಡದು. ಕತ್ತರಿಸಿದ ಜಠರವನ್ನು ಹೊರಗೆ ತೆಗೆದದ್ದು ಅದರಿಂದಲೇ. ಮೇಲಿನ ಚರ್ಮ ಹತ್ತು ದಿನದಲ್ಲಿ ಕೂಡಿಕೊಂಡು ‘ಎಲ್ಲಾ ಆರಾಮ’ ಅನ್ನಿಸುತ್ತದೆ. ಒಳಗಿನ ಸ್ನಾಯುಪೊರೆ ಅರ್ಧ ಬಲಕ್ಕೆ ಬರಲೇ ಆರು ವಾರ ಬೇಕು, ಮುಕ್ಕಾಲು ದಾಟಲು ಮೂರು ತಿಂಗಳು. ಅದರೊಳಗೆ ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಪೊರೆ ಬಿಟ್ಟುಕೊಂಡು ಹರ್ನಿಯಾ ಆಗುತ್ತದೆ. ಕೆಮ್ಮಿದಾಗ ಆ ಗಾಯದ ಜಾಗ ಗುಂಡಗೆ ಉಬ್ಬಿದರೆ ಸರ್ಜನ್‌ಗೆ ತೋರಿಸಿ.

ಮೊಮ್ಮಗನನ್ನು ನಿಂತು ಎತ್ತಬೇಡಿ. ನೀವು ಕುರ್ಚಿಯಲ್ಲಿ ಕೂತು, ಹೊಟ್ಟೆಗೆ ದಿಂಬು ಇಟ್ಟುಕೊಂಡು, ಅವನೇ ತೊಡೆ ಹತ್ತುವಂತೆ ಮಾಡಿ. ಮಕ್ಕಳ ಕಾಲು ಸುಮ್ಮನಿರುವುದಿಲ್ಲ, ದಿಂಬು ಮರೆಯಬೇಡಿ. ನಿಂತು ಕೋಲಿನಿಂದ ನೆಲ ಒರೆಸುವುದು ಈಗಲೇ ನಡೆಯುತ್ತದೆ, ಬಕೆಟ್ ಅರ್ಧವಷ್ಟೇ ತುಂಬಿ. ಕುಕ್ಕರಗಾಲಲ್ಲಿ ಕೂತು ಬಟ್ಟೆಯಿಂದ ಒರೆಸುವುದು ಆರು ವಾರದ ಮೇಲೆ. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕಿಲೋ, ಉರುಳಿಸುವುದೂ ಎತ್ತಿದ ಹಾಗೇ. ಮೂರು ತಿಂಗಳು ಅದರ ತಂಟೆಗೆ ಹೋಗಬೇಡಿ. ಇನ್ನೊಂದು ವಿಷಯ, ಬಹಳ ಹೆಣ್ಣುಮಕ್ಕಳು ಕೇಳಲು ಸಂಕೋಚಪಡುತ್ತಾರೆ: ಮಲಬದ್ಧತೆಯಾಗಿ ಮುಕ್ಕಿದರೂ ಗಾಯಕ್ಕೆ ಬೀಳುವುದು ಅದೇ ಒತ್ತಡ. ಈ ಹಂತದಲ್ಲಿ ನೀರು ಕಡಿಮೆ, ನಾರು ಕಡಿಮೆ, ಕಬ್ಬಿಣದ ಮಾತ್ರೆ ಬೇರೆ. ಮೂರು ದಿನ ಹೋಗದಿದ್ದರೆ ಮಲ ಸಡಿಲಿಸುವ ಔಷಧಿ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಮೊದಲ ಎರಡು ವಾರದಲ್ಲಿ 7 ಕಿಲೋ ಇಳಿದೆ. ಮೂರನೇ ವಾರದಿಂದ ಮುಳ್ಳು ಅಲ್ಲಾಡುತ್ತಿಲ್ಲ. ದಿನಕ್ಕೆ ಎರಡು ಗಂಟೆ ನಡೆಯಲು ಶುರುಮಾಡಿದೆ, ಆದರೂ ಇಲ್ಲ.
— ತುಮಕೂರು

ಉತ್ತರ: ಎರಡು ಗಂಟೆಯನ್ನು ನಲವತ್ತು ನಿಮಿಷಕ್ಕೆ ಇಳಿಸಿ. ಮೊದಲು ಇಳಿದದ್ದರಲ್ಲಿ ದೊಡ್ಡ ಪಾಲು ನೀರು, ಜೊತೆಗೆ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ. ಮೂರನೇ ವಾರದ ಆಚೀಚೆ ದೇಹ ನೀರು ಹಿಡಿದುಕೊಳ್ಳುತ್ತದೆ. ಒಂದೆರಡು ವಾರ ಹೀಗೆ ನಿಲ್ಲುವುದು ಬಹಳ ಮಂದಿಗೆ ಆಗುತ್ತದೆ. ಕೊಬ್ಬು ಅಷ್ಟರಲ್ಲೂ ಕರಗುತ್ತಲೇ ಇರುತ್ತದೆ. ತೂಕ ವಾರಕ್ಕೊಮ್ಮೆ ಸಾಕು. ದಿನಾ ನೋಡಲೇಬೇಕೆಂದರೆ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟದ ಅಳತೆ ನೋಡಿ.

ಪ್ರಶ್ನೆ: ವಯಸ್ಸು 34, ಸಾಫ್ಟ್‌ವೇರ್ ಕೆಲಸ. ಸ್ಲೀವ್ ಆಗಿ ಐದು ವಾರ, 128ರಿಂದ 113ಕ್ಕೆ ಬಂದಿದ್ದೇನೆ. ಜಿಮ್‌ಗೆ ಸೇರಿದೆ. ಟ್ರೇನರ್ ‘ಈಗಲೇ ಬಿಸಿ ಇದೆ, ಬರ್ನ್ ಮಾಡಬೇಕು’ ಅಂತ ಹೈ ಇಂಟೆನ್ಸಿಟಿ, ಕ್ರಂಚಸ್, ಪ್ರೀ-ವರ್ಕೌಟ್ ಪುಡಿ ಎಲ್ಲ ಹೇಳಿದ್ದಾರೆ. ನನಗೆ ಟ್ರೆಡ್‌ಮಿಲ್ ಮೇಲೆ ಹತ್ತನೇ ನಿಮಿಷಕ್ಕೇ ಕಣ್ಣು ಕತ್ತಲೆ. ಬಿಪಿ ಮಾತ್ರೆ ತಗೊಳ್ಳುತ್ತೇನೆ.
— ಬೆಂಗಳೂರು

ಉತ್ತರ: ಟ್ರೇನರ್ ಹೇಳಿದ್ದು ಆಪರೇಷನ್ ಆಗದ 113 ಕಿಲೋ ಮನುಷ್ಯನಿಗೆ ಸರಿಹೋದೀತು. ನಿಮ್ಮ ದೇಹಕ್ಕೆ ಈಗ ಸಿಗುತ್ತಿರುವುದು ದಿನಕ್ಕೆ ಸಾವಿರ ಕ್ಯಾಲೊರಿಗೂ ಕಡಿಮೆ. ಕೊಬ್ಬು ಕರಗಿಸುವ ಕೆಲಸ ಆಪರೇಷನ್ನೇ ಮಾಡುತ್ತಿದೆ, ಅದಕ್ಕೆ ನಿಮ್ಮ ಬೆವರು ಬೇಕಿಲ್ಲ. ಜಿಮ್‌ನಿಂದ ನಿಮಗೆ ಬೇಕಾದದ್ದು ಸ್ನಾಯು ಉಳಿಕೆ. ಇಳಿಯುವ ತೂಕದಲ್ಲಿ ಸುಮಾರು ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಕೊಬ್ಬಲ್ಲದ ಭಾಗ. ಸ್ನಾಯು ಅದರೊಳಗೇ ಬರುತ್ತದೆ. ಈಗ ಕಳೆದುಕೊಂಡರೆ ವರ್ಷ ಕಳೆದ ಮೇಲೆ ತೂಕ ಹಿಡಿದಿಟ್ಟುಕೊಳ್ಳುವುದು ಕಷ್ಟ.

ಕಣ್ಣು ಕತ್ತಲೆಯನ್ನು ಮೊದಲು ನೋಡೋಣ. ಐದು ನಿಮಿಷ ಕೂತು ಬಿಪಿ ನೋಡಿ. ಎದ್ದು ನಿಂತು ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಬಿದ್ದರೆ ಎರಡು ಕಾರಣ ಶಂಕಿಸಬೇಕು: ನೀರು ಸಾಲದು, ಅಥವಾ ಹಳೆಯ ತೂಕಕ್ಕೆ ಬರೆದ ಮಾತ್ರೆ ಈ ತೂಕಕ್ಕೆ ಹೆಚ್ಚಾಗಿದೆ. ಮೂತ್ರ ಇಳಿಸುವ ಜಾತಿಯ ಬಿಪಿ ಮಾತ್ರೆಯಾದರೆ ಎರಡೂ ಒಟ್ಟಿಗೇ. ನೀವಾಗಿ ನಿಲ್ಲಿಸಬೇಡಿ. ಅಂಕಿಗಳನ್ನು ಬರೆದುಕೊಂಡು ಈ ವಾರವೇ ವೈದ್ಯರನ್ನು ಕಾಣಿ, ಅಲ್ಲಿಯವರೆಗೆ ಟ್ರೆಡ್‌ಮಿಲ್ ಬೇಡ, ನೆಲದ ಮೇಲೆ ನಡೆಯಿರಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಒಳಗೆ ಹೋಗಬೇಕು, ಗುಟುಕು ಗುಟುಕಾಗಿ, ಹದಿನೈದು ನಿಮಿಷಕ್ಕೆ 50ರಿಂದ 100 ಮಿಲಿಯಂತೆ. ಊಟದ ಜೊತೆ ಮತ್ತು ನಂತರದ ಅರ್ಧ ಗಂಟೆ ನೀರಿಲ್ಲ, ಆದ್ದರಿಂದ ಊಟ ಮುಗಿಸಿ ನೇರ ಜಿಮ್‌ಗೆ ಹೋದರೆ ಒಣಗಿದ ಮೈಯಲ್ಲೇ ಶುರುಮಾಡಿದಂತೆ. ಉಪ್ಪು ಹಾಕಿದ ನೀರು ಮಜ್ಜಿಗೆ ನಮ್ಮಲ್ಲಿರುವ ಒಳ್ಳೆಯ ವ್ಯಾಯಾಮ ಪಾನೀಯ. ಪ್ರೀ-ವರ್ಕೌಟ್ ಪುಡಿಯಲ್ಲಿ ಹೆಚ್ಚಿಗೆ ಇರುವುದು ಕೆಫೀನ್. ಎದೆಬಡಿತ ಅದರಿಂದಲೂ ಏರಿದರೆ ಬೇರೆ ಅಪಾಯದ ಸೂಚನೆ ಮುಚ್ಚಿಹೋಗುತ್ತದೆ. ಎಸೆಯಿರಿ.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ. ಅಂದಾಜಿಗೆ: ಒಂದು ಮೊಟ್ಟೆ 6 ಗ್ರಾಂ, 50 ಗ್ರಾಂ ಪನೀರ್ 9, ಒಂದು ಲೋಟ ಅಂದರೆ 200 ಮಿಲಿ ಹಾಲು 6ರಿಂದ 7, ಒಂದು ಬಟ್ಟಲು ಗಟ್ಟಿ ಬೇಳೆ 6ರಿಂದ 7, ಡಬ್ಬಿಯೊಳಗಿನ ಅಳತೆಯ ಒಂದು ಸ್ಕೂಪ್ ವೇ (ಹಾಲಿನ ಪ್ರೋಟೀನ್) ಪುಡಿ ಬ್ರಾಂಡ್ ನೋಡಿಕೊಂಡು 20ರಿಂದ 25. ಬೇಳೆ ಸಾರಿನ ತಿಳಿಯನ್ನು ಪ್ರೋಟೀನ್ ಅಂತ ಲೆಕ್ಕ ಹಿಡಿಯುವವರಿದ್ದಾರೆ, ಅದರಲ್ಲಿರುವುದು ಬರೀ ರುಚಿ. ಲೆಕ್ಕ 50 ಗ್ರಾಂ ಕೂಡ ಮುಟ್ಟದ ದಿನ ತೂಕ ಎತ್ತುವ ವ್ಯಾಯಾಮ ಬೇಡ, ನಡಿಗೆ ಸಾಕು. ನಮ್ಮ ಮಟ್ಟಿಗೆ ಇದು ಉಳಿದ ನಿಯಮಗಳಿಗಿಂತ ಮುಖ್ಯ.

ಬಿಪಿ ವಿಷಯ ಇತ್ಯರ್ಥವಾದ ಮೇಲೆ ಆರನೇ ವಾರ ಮುಗಿಯುವವರೆಗೆ ಏರಿಲ್ಲದ ಟ್ರೆಡ್‌ಮಿಲ್, ಗಂಟೆಗೆ 3.5ರಿಂದ 4.5 ಕಿ.ಮೀ., ಇಪ್ಪತ್ತು ನಿಮಿಷ. ಕಂಬಿ ಬಿಗಿಯಾಗಿ ಹಿಡಿದು ನೇತಾಡಬೇಡಿ. ಅಥವಾ ಹಗುರ ಸೈಕಲ್. ಏಳನೇ ವಾರದಿಂದ ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಪುಷ್‌ಅಪ್, ಕೂತು ರಬ್ಬರ್ ಬ್ಯಾಂಡ್ ಎಳೆಯುವುದು, ಹಿಮ್ಮಡಿ ಎತ್ತುವುದು. ಒಂದೊಂದು ಹನ್ನೆರಡು ಸಲ, ಮೊದಲ ವಾರ ಒಂದೇ ಸುತ್ತು. ಹನ್ನೆರಡನೆಯದು ಮುಗಿದಾಗ ‘ಇನ್ನೂ ಮೂರು ಆಗುತ್ತೆ’ ಅನ್ನಿಸಬೇಕು. ಶ್ರಮ ಇರುವ ಕಡೆ ಉಸಿರು ಹೊರಗೆ, ಹಿಡಿದಿಡಬಾರದು. ವಾರಕ್ಕೆ ಒಂದನ್ನು ಮಾತ್ರ ಏರಿಸಿ: ನಿಮಿಷ, ಇಲ್ಲವೆ ಸುತ್ತು, ಇಲ್ಲವೆ ಭಾರ. ಕ್ರಂಚಸ್, ಡೆಡ್‌ಲಿಫ್ಟ್, ಓಟ, ಹೈ ಇಂಟೆನ್ಸಿಟಿ ಎಲ್ಲ ಮೂರು ತಿಂಗಳ ಆಚೆ. ಆಗಲೂ ಹೊಟ್ಟೆಗೆ ಮೊದಲು ಕ್ರಂಚಸ್ ಅಲ್ಲ, ಮಂಡಿಯೂರಿ ಹತ್ತು ಸೆಕೆಂಡಿನ ಪ್ಲ್ಯಾಂಕ್.

ಪ್ರಶ್ನೆ: ಹತ್ತು ವರ್ಷದಿಂದ ಯೋಗ ಮಾಡುತ್ತಿದ್ದೆ. ಸ್ಲೀವ್ ಆಗಿ ಎರಡು ತಿಂಗಳು. ಸೂರ್ಯ ನಮಸ್ಕಾರ, ಕಪಾಲಭಾತಿ ಶುರುಮಾಡಲೇ?
— ಮೈಸೂರು

ಉತ್ತರ: ಕಪಾಲಭಾತಿ ಇನ್ನೂ ಬೇಡ. ಸೆಕೆಂಡಿಗೊಂದು ಸಲ ಹೊಟ್ಟೆಯ ಗೋಡೆಯನ್ನು ಒಳಗೆ ಜಾಡಿಸುವ ಕ್ರಿಯೆ ಅದು. ಭಸ್ತ್ರಿಕಾ, ಅಗ್ನಿಸಾರ, ಉಡ್ಡಿಯಾನ ಬಂಧ, ನೌಲಿ ಕೂಡ ಅದೇ ಸಾಲಿನವು. ಮೂರು ತಿಂಗಳು ಮುಗಿದು ಸರ್ಜನ್ ನೋಡಿದ ಮೇಲೆ ಯೋಚಿಸಿ. ಅನುಲೋಮ ವಿಲೋಮ, ಭ್ರಾಮರಿ ಯಾವತ್ತೂ ಸರಿ. ತಾಡಾಸನ, ವೃಕ್ಷಾಸನ, ಮಾರ್ಜಾಲಾಸನ ಈಗ ಮಾಡಬಹುದು. ಸೂರ್ಯ ನಮಸ್ಕಾರವನ್ನು ಕುರ್ಚಿಯ ಮೇಲೆ ಕೈಯಿಟ್ಟು ಎರಡು ಸುತ್ತಿನಿಂದ ಆರಂಭಿಸಿ. ನೆಲದ ಮೇಲಿನ ಅಷ್ಟಾಂಗ ನಮಸ್ಕಾರ, ಭುಜಂಗಾಸನ ಮೂರು ತಿಂಗಳವರೆಗೆ ಬಿಟ್ಟುಬಿಡಿ. ಧನುರಾಸನಕ್ಕೆ ಅವಸರವೇ ಬೇಡ.

ಸ್ಲೀವ್ ಆದವರಿಗೆ ಇನ್ನೊಂದು ತೊಡಕು: ಕೊಳವೆಯೊಳಗಿನ ಒತ್ತಡ ಹೆಚ್ಚು, ಹುಳಿ ಸುಲಭವಾಗಿ ಮೇಲೆ ಬರುತ್ತದೆ. ಸರ್ವಾಂಗಾಸನ, ಶೀರ್ಷಾಸನ, ಹಲಾಸನದಲ್ಲಿ ಎದೆಯುರಿ, ಬಾಯಿಗೆ ಹುಳಿ ಬಂದರೆ ಆ ಆಸನವನ್ನು ಕೈಬಿಡಿ, ಹಳೆಯ ಅಭ್ಯಾಸ ಎಂಬ ಹಟ ಬೇಡ.

ಪ್ರಶ್ನೆ: ತಂದೆಯವರಿಗೆ 58, ಸಕ್ಕರೆ ಕಾಯಿಲೆ ಇತ್ತು. ಆಪರೇಷನ್ ಆಗಿ ನಾಲ್ಕು ವಾರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ವಾಕಿಂಗ್ ಹೋದಾಗ ನಡುಕ, ಬೆವರು. ಹಳೆಯ ಮಾತ್ರೆ ಗ್ಲಿಮೆಪಿರೈಡ್ ಮುಂದುವರಿಸಿದ್ದಾರೆ.
— ಮಂಡ್ಯ

ಉತ್ತರ: ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಗ್ಲಿಮೆಪಿರೈಡ್ ಊಟ ಇರಲಿ ಬಿಡಲಿ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಈ ಆಪರೇಷನ್ ಆದವರಲ್ಲಿ ಸಕ್ಕರೆ ತೂಕ ಇಳಿಯುವ ಮೊದಲೇ ಇಳಿಯತೊಡಗುತ್ತದೆ, ಊಟವೂ ಅಷ್ಟಕ್ಕಷ್ಟೆ. ಅದಕ್ಕೇ ಈ ಜಾತಿಯ ಮಾತ್ರೆಯನ್ನು ಸಾಮಾನ್ಯವಾಗಿ ಆಪರೇಷನ್ ಹೊತ್ತಿಗೇ ನಿಲ್ಲಿಸುತ್ತಾರೆ ಅಥವಾ ಕಡಿಮೆ ಮಾಡುತ್ತಾರೆ. ನಡುಕ ಬಂದ ಕೂಡಲೇ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಗ್ಲೂಕೋಸ್ ಪುಡಿ ಮೂರು ಚಮಚ ನೀರಿಗೆ ಹಾಕಿ ಗುಟುಕಿಸಲಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ವೈದ್ಯರು ಮಾತ್ರೆ ಸರಿಪಡಿಸುವ ತನಕ ವಾಕಿಂಗ್ ಖಾಲಿ ಹೊಟ್ಟೆಯಲ್ಲಿ ಬೇಡ, ಒಬ್ಬರೇ ಹೋಗುವುದೂ ಬೇಡ.

ಪ್ರಶ್ನೆ: ಬೈಪಾಸ್ ಆಗಿ ಮೂರೂವರೆ ತಿಂಗಳು, 31 ಕಿಲೋ ಇಳಿದಿದ್ದೇನೆ. ಅಡಿಕೆ ಸುಲಿಯುವ ಸಮಯ, ಹದಿನೈದು ದಿನದಿಂದ ನಾನೂ ಮೆಟ್ಟುಗತ್ತಿ ಮೇಲೆ ಕೂರುತ್ತಿದ್ದೇನೆ. ಈಗ ಬಲಗಾಲಿನ ಹವಾಯಿ ಚಪ್ಪಲಿ ನಡೆಯುವಾಗ ಕಳಚಿ ಬೀಳುತ್ತಿದೆ, ಹೆಬ್ಬೆರಳು ಹೊಸ್ತಿಲಿಗೆ ಎಡವುತ್ತದೆ. ನೋವಿಲ್ಲ. ವ್ಯಾಯಾಮ ಸಾಲದೆ ಹೀಗಾಯಿತೆ?
— ಕೃಷಿಕ, ತೀರ್ಥಹಳ್ಳಿ

ಉತ್ತರ: ವ್ಯಾಯಾಮದ ಕೊರತೆಯಲ್ಲ, ನರ ಒತ್ತಿಹೋಗಿರುವ ಹಾಗಿದೆ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಗಟ್ಟಿ ಎಲುಬಿನ ಗುಬ್ಬ ಕೈಗೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ನರ ಆ ಗುಬ್ಬವನ್ನು ಸುತ್ತಿಕೊಂಡು, ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ. ಮೊದಲು ಅದರ ಮೇಲೆ ಕೊಬ್ಬಿನ ಪದರ ಇತ್ತು. ಮೂರು ತಿಂಗಳಲ್ಲಿ 31 ಕಿಲೋ ಹೋದಾಗ ಆ ಪದರವೂ ಹೋಯಿತು. ಈಗ ಗಂಟೆಗಟ್ಟಲೆ ಮಂಡಿ ಮಡಚಿ ಕೂತರೆ, ಕಾಲ ಮೇಲೆ ಕಾಲು ಹಾಕಿದರೆ, ಚಕ್ಕಳಮಕ್ಕಳ ಹಾಕಿದರೂ ನರ ನೇರ ಎಲುಬಿಗೆ ಒತ್ತಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಬಲ ಪಾದದ ಮುಂಭಾಗ ಮೇಲೇಳದಿದ್ದರೆ ಇದೇ ತೊಂದರೆ.

ಮೆಟ್ಟುಗತ್ತಿಯಿಂದ ಇವತ್ತೇ ಎದ್ದೇಳಿ. ಮಂಡಿ ಲಂಬ ಕೋನದಲ್ಲಿ ನಿಲ್ಲುವ ಎತ್ತರದ ಕುರ್ಚಿಯಲ್ಲಿ ಕೂತು ಅಡಿಕೆ ಹೆಕ್ಕುವ, ಆರಿಸುವ ಕೆಲಸ ಮಾಡಬಹುದು, ಅರ್ಧ ಗಂಟೆಗೊಮ್ಮೆ ಎದ್ದು. ಹವಾಯಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಈ ಕಾಲಲ್ಲಿ ತೋಟದ ಸಂಕ (ಕಾಲುಸೇತುವೆ) ದಾಟಬೇಡಿ. ಈ ವಾರದಲ್ಲೇ ನರರೋಗ ತಜ್ಞರನ್ನಾಗಲೀ ನಿಮ್ಮ ಸರ್ಜನ್‌ರನ್ನಾಗಲೀ ಕಾಣಿ. ನರದ ಪರೀಕ್ಷೆಯ ಜೊತೆಗೆ ವಿಟಮಿನ್ ಬಿ1, ಬಿ12, ತಾಮ್ರದ ಮಟ್ಟ ನೋಡಿಸಬೇಕು, ಬೈಪಾಸ್ ಆದವರಲ್ಲಿ ಇವುಗಳ ಕೊರತೆ ನರವನ್ನು ಇನ್ನೂ ದುರ್ಬಲ ಮಾಡುತ್ತದೆ. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಕೊಡಬಹುದು, ಹಾಕಿಕೊಳ್ಳಿ, ಸಂಕೋಚ ಬೇಡ. ಒತ್ತಡ ತಪ್ಪಿಸಿದರೆ ಹೆಚ್ಚಿನವರಿಗೆ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಶಕ್ತಿ ಮರಳುತ್ತದೆ. ಅಷ್ಟರಲ್ಲಿ ಕೂತಲ್ಲೇ ಪಾದ ಮೇಲೆ ಕೆಳಗೆ, ದಿನಕ್ಕೆ ಮೂರು ಸಲ ಇಪ್ಪತ್ತರಂತೆ. ಏಳದಿದ್ದರೆ ಟವೆಲನ್ನು ಪಾದಕ್ಕೆ ಹಾಕಿ ಕೈಯಿಂದ ಎಳೆಯಿರಿ.

ಒಂದು ಎಚ್ಚರಿಕೆ ಎಲ್ಲ ಓದುಗರಿಗೂ. ದಿನಗಟ್ಟಲೆ ವಾಂತಿ, ಎರಡೂ ಕಾಲಿನಲ್ಲಿ ನಿಶ್ಶಕ್ತಿ, ತೂರಾಟ, ಒಂದು ವಸ್ತು ಎರಡಾಗಿ ಕಾಣುವುದು, ಇವು ಸೇರಿದರೆ ಅದು ಬಿ1 ಅಂದರೆ ಥಯಮಿನ್ ಕೊರತೆ. ಗಂಟೆಗಳ ಲೆಕ್ಕದ ತುರ್ತು. ಹತ್ತಿರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ‘ನನಗೆ ತೂಕ ಇಳಿಸುವ ಆಪರೇಷನ್ ಆಗಿದೆ, ಮೊದಲು ಥಯಮಿನ್ ಕೊಡಿ’ ಎಂದು ಹೇಳಲೇಬೇಕು. ಥಯಮಿನ್ ಇಲ್ಲದೆ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು.

ಪ್ರಶ್ನೆ: ಸ್ಲೀವ್ ಆಗಿ ಐದು ತಿಂಗಳು, 104ರಿಂದ 79. ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ಬರ್ತೀನಿ ಅಂತ ಆಪರೇಷನ್ ಮೊದಲು ಹರಕೆ ಹೊತ್ತಿದ್ದೆ. ದಿನಾ ಮುಕ್ಕಾಲು ಗಂಟೆ ವಾಕಿಂಗ್ ಆಗುತ್ತೆ, ಆದರೆ ಮೂರು ಮಹಡಿ ಹತ್ತಿದರೆ ಏದುಸಿರು. ಯಾವಾಗ ಹೋಗಬಹುದು?
— ಶಿಕ್ಷಕಿ, ನಂಜನಗೂಡು

ಉತ್ತರ: ಮೊದಲು ರಕ್ತ ಪರೀಕ್ಷೆ. ಸಮತಟ್ಟಿನಲ್ಲಿ ಮುಕ್ಕಾಲು ಗಂಟೆ ನಡೆಯುವವರಿಗೆ ಮೂರು ಮಹಡಿಗೆ ಅಷ್ಟು ಏದುಸಿರು ಬರುತ್ತದೆಂದರೆ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ನೋಡಲೇಬೇಕು, ಮುಟ್ಟು ನಿಲ್ಲದ ಹೆಣ್ಣುಮಕ್ಕಳಲ್ಲಂತೂ ಖಂಡಿತ. ಕಬ್ಬಿಣದ ಮಾತ್ರೆ ಬಿಡದೆ ತಗೊಂಡರೂ ಕೆಲವರಿಗೆ ಹತ್ತುವುದಿಲ್ಲ. ಕಾರಣ ಬಹಳ ಸಲ ಸಮಯ: ಕ್ಯಾಲ್ಸಿಯಂ ಜೊತೆ ನುಂಗುತ್ತಾರೆ, ಇಲ್ಲವೆ ಮೇಲೊಂದು ಲೋಟ ಕಾಫಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ, ಕಾಫಿ ಟೀಗೆ ಒಂದು ಗಂಟೆ. ರಕ್ತ ಕಡಿಮೆ ಇದ್ದರೆ ಅದು ಸರಿಹೋದ ಮೇಲೆ ಬೆಟ್ಟ, ತರಬೇತಿಯಿಂದ ಅದನ್ನು ತುಂಬಿಸಲಾಗದು.

ರಕ್ತ ಸರಿಯಿದ್ದರೆ ಎಂಟು ವಾರ ಇಟ್ಟುಕೊಳ್ಳಿ. ಬೆಟ್ಟಕ್ಕೆ ಸುಮಾರು 1,000 ಮೆಟ್ಟಿಲು. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ ಮೆಟ್ಟಿಲು ಅಭ್ಯಾಸ. ಮೊದಲ ವಾರ 100 ಮೆಟ್ಟಿಲು, ಇಪ್ಪತ್ತಕ್ಕೊಮ್ಮೆ ಒಂದು ನಿಮಿಷ ನಿಲ್ಲಿ. ಪ್ರತಿ ವಾರ 70ರಿಂದ 80 ಸೇರಿಸಿ. ಐದನೇ ವಾರ ಸುಮಾರು 400 ಆದಾಗ ನಿಲ್ಲುವುದು ಐವತ್ತಕ್ಕೊಮ್ಮೆ ಸಾಕು. ಎಂಟನೇ ವಾರ 600 ಮುಟ್ಟಿದರೆ ಬೆಟ್ಟ ಆಗುತ್ತದೆ. ಮನೆಯ ಮೆಟ್ಟಿಲಲ್ಲಿ ಹತ್ತಿದಷ್ಟು ಇಳಿಯಲೂ ಬೇಕಲ್ಲ, ಮಂಡಿ ನೋಯುವುದು ಇಳಿಯುವಾಗಲೇ. ಉಳಿದ ಎರಡು ದಿನ ತೊಡೆಗೆ ಬಲ: ಕುರ್ಚಿಯಿಂದ ಕೈಯೂರದೆ ಎದ್ದು, ಮೂರು ಎಣಿಸುತ್ತ ನಿಧಾನ ಕೂರುವುದು, ಹತ್ತರಂತೆ ಮೂರು ಸುತ್ತು. ಮಂಡಿಯ ಬಗ್ಗೆ ಒಳ್ಳೆಯ ಸುದ್ದಿಯೂ ಇದೆ: ಇಳಿದ ಪ್ರತಿ ಕಿಲೋಗೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಕಡಿಮೆ. ನಿಮಗೆ 25 ಕಿಲೋ ಇಳಿದಿದೆ.

ಆ ದಿನ ಬೆಳಕು ಹರಿಯುವಾಗ ಹೊರಡಿ. ಒಂದು ಗಂಟೆ ಮೊದಲು ಒಂದು ಇಡ್ಲಿ, ಒಂದು ಮೊಟ್ಟೆ ಅಥವಾ ಅಷ್ಟೇ ಪನೀರ್. ಮೊಟ್ಟೆ ತಿಂದು ದೇವಿಯ ದರ್ಶನ ಬೇಡವೆಂದರೆ ಪನೀರೇ ಸರಿ. ಅರ್ಧ ಲೀಟರ್ ನೀರು ಕೈಯಲ್ಲಿರಲಿ. ನಂದಿ ಸಿಗುವುದು ಸುಮಾರು 700ನೇ ಮೆಟ್ಟಿಲಿಗೆ, ಅಲ್ಲಿಗೆ ರಸ್ತೆಯೂ ಬರುತ್ತದೆ. ತಲೆ ಹಗುರಾದರೆ, ಎದೆ ಹಿಡಿದರೆ ಅಲ್ಲಿಂದ ವಾಹನ. ಇಳಿಯಲು ಬಸ್ಸು ಹಿಡಿಯಿರಿ, ಹರಕೆ ಹತ್ತುವುದಕ್ಕೆ ತಾನೆ? ಮೇಲೆ ಹೋದ ಕೂಡಲೇ ಖಾಲಿ ಹೊಟ್ಟೆಗೆ ಲಡ್ಡು ಪೂರ್ತಿ ತಿನ್ನಬೇಡಿ. ಸಿಹಿ ಒಮ್ಮೆಗೇ ಕರುಳಿಗೆ ಇಳಿದರೆ ಅರ್ಧ ಗಂಟೆಯೊಳಗೆ ಎದೆಬಡಿತ, ಹೊಟ್ಟೆ ನುಲಿತ. ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿದು ನಡುಕ ಬರಬಹುದು. ಬೈಪಾಸ್ ಆದವರಿಗೆ ಇದು ಹೆಚ್ಚು, ಸ್ಲೀವ್‌ನವರಿಗೂ ಇಲ್ಲವೆಂದಲ್ಲ. ಚಿಟಿಕೆ ಪ್ರಸಾದ ಬಾಯಿಗೆ, ಉಳಿದದ್ದು ಮನೆಗೆ.

ಪ್ರಶ್ನೆ: ಬೈಪಾಸ್ ಆಗಿ ಹದಿನಾಲ್ಕು ತಿಂಗಳು. ಜಿಮ್‌ನಲ್ಲಿ 40 ಕಿಲೋ ಎತ್ತುತ್ತೇನೆ. ಇತ್ತೀಚೆಗೆ ಊಟದ ನಂತರ ಹೊಕ್ಕುಳ ಸುತ್ತ ಹಿಂಡಿದಂತೆ ನೋವು, ಬೆನ್ನಿಗೂ ಬರುತ್ತದೆ, ತಾನೇ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ಗ್ಯಾಸ್ ಅಂದರು. ಸ್ನಾಯು ಹಿಡಿದಿರಬಹುದೆ? ಡೈಕ್ಲೋಫೆನಾಕ್ ತಗೊಳ್ಳುತ್ತಿದ್ದೇನೆ.
— ಮಂಗಳೂರು

ಉತ್ತರ: ಡೈಕ್ಲೋಫೆನಾಕ್ ಈಗಲೇ ನಿಲ್ಲಿಸಿ. ಬೈಪಾಸ್ ಆದವರಿಗೆ ಅದು, ಐಬುಪ್ರೊಫೆನ್, ಅದೇ ಜಾತಿಯ ಉಳಿದ ನೋವಿನ ಮಾತ್ರೆಗಳು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ.

ಸ್ನಾಯುವಿನ ನೋವಾದರೆ ಬೆರಳಿಟ್ಟು ತೋರಿಸಬಹುದು. ಮಲಗಿ ತಲೆ ಎತ್ತಿ ಹೊಟ್ಟೆ ಬಿಗಿದಾಗ ಅದೇ ಜಾಗ ಒತ್ತಿದರೆ ಹೆಚ್ಚುತ್ತದೆ. ಅದಕ್ಕೆ ಊಟದ ಹಂಗಿಲ್ಲ. ನಿಮ್ಮದು ಊಟದ ನಂತರ, ಬಂದು ಹೋಗುವ, ಬೆನ್ನಿಗೆ ಹರಿಯುವ ನೋವು. ಒಳಹರ್ನಿಯಾ ಅಲ್ಲ ಅಂತ ಖಚಿತವಾಗುವ ತನಕ ಅದನ್ನೇ ಶಂಕಿಸಬೇಕು. ಬೈಪಾಸಿನಲ್ಲಿ ಕರುಳನ್ನು ಮರುಜೋಡಿಸಿದಾಗ ಅದರ ಪೊರೆಯಲ್ಲಿ ಸಂದುಗಳು ಉಂಟಾಗುತ್ತವೆ. ಹೊಟ್ಟೆಯೊಳಗಿನ ಕೊಬ್ಬು ಕರಗಿದಂತೆ ಸಂದು ಅಗಲವಾಗಿ ಕರುಳು ನುಸುಳುತ್ತದೆ, ಕೆಲವೊಮ್ಮೆ ತಿರುಚಿಕೊಳ್ಳುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಇದು ಕಾಣುವುದು ಅಪರೂಪ. ಸಿಟಿ ಸ್ಕ್ಯಾನ್ ಬೇಕು, ಅದನ್ನು ಬೇರಿಯಾಟ್ರಿಕ್ ಸರ್ಜನ್ನೇ ನೋಡಬೇಕು, ಸಿಟಿ ಸರಿಯಿದ್ದರೂ ನೋವು ಮರುಕಳಿಸಿದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಒಳಗೆ ನೋಡುವುದುಂಟು. ಅಲ್ಲಿಯ ತನಕ ಜಿಮ್ ರಜೆ. ನೋವು ನಿಲ್ಲದೆ ವಾಂತಿ ಸೇರಿದರೆ ಅಪಾಯಿಂಟ್‌ಮೆಂಟ್ ಕೇಳಬೇಡಿ, ನೇರ ತುರ್ತು ವಿಭಾಗ.

ಚುಟುಕಾಗಿ

ಹೊಟ್ಟೆಗೆ ಬೆಲ್ಟ್ ಕಟ್ಟಿಕೊಂಡರೆ ಬೇಗ ಗುಣವಾಗುತ್ತದೆಯೇ? — ಹಾಸನ
ಇಲ್ಲ. ನಡೆಯುವಾಗ ಹಾಯೆನಿಸಿದರೆ ಕಟ್ಟಿ, ಮಲಗುವಾಗ ಬಿಚ್ಚಿ. ಕಟ್ಟಿಕೊಂಡು ಭಾರ ಎತ್ತಬಹುದು ಎಂಬುದು ತಪ್ಪು.

ಸ್ಕೂಟರ್? — ಬೆಳಗಾವಿ
ಎರಡು ವಾರದ ಮೇಲೆ, ನಿದ್ದೆ ತರಿಸುವ ನೋವಿನ ಮಾತ್ರೆ ನಿಂತಿದ್ದರೆ. ಓಡಿಸುವುದಕ್ಕಿಂತ ಸೆಂಟರ್ ಸ್ಟ್ಯಾಂಡ್ ಹಾಕುವುದು ಹೊಟ್ಟೆಗೆ ಕೆಟ್ಟದ್ದು. ಆರು ವಾರ ಸೈಡ್ ಸ್ಟ್ಯಾಂಡೇ ಇರಲಿ, ಕಿಕ್ ಹೊಡೆಯಬೇಡಿ.

ಈಜು? — ಉಡುಪಿ
ಎಲ್ಲ ಗಾಯವೂ ಒಣಗಿ ಹಕ್ಕಳೆ ಬಿದ್ದಿರಬೇಕು, ಕನಿಷ್ಠ ನಾಲ್ಕರಿಂದ ಆರು ವಾರ. ಮೊದಲು ಎದೆಮಟ್ಟದ ನೀರಿನಲ್ಲಿ ನಡಿಗೆ. ಮಂಡಿ ನೋವಿರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೆರೆ, ಹೊಳೆ ಎರಡು ತಿಂಗಳು ಬೇಡ.

ಜೋತುಬಿದ್ದ ಹೊಟ್ಟೆಯ ಚರ್ಮ ವ್ಯಾಯಾಮದಿಂದ ಬಿಗಿಯಾಗುತ್ತದೆಯೇ? ನಡೆಯುವಾಗ ಉಜ್ಜಿ ಕೆಂಪಾಗುತ್ತದೆ. — ಕಲಬುರಗಿ
ಬಿಗಿಯಾಗುವುದು ಸ್ನಾಯು ಮಾತ್ರ, ಚರ್ಮವಲ್ಲ. ಮಡಿಕೆಯನ್ನು ತೊಳೆದು ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮೈಗಂಟುವ ಬಟ್ಟೆ ಹಾಕಿ ನಡೆಯಿರಿ. ವಾಸನೆ, ಬಿಳಿ ಪೊರೆ ಕಂಡರೆ ಶಿಲೀಂಧ್ರ, ಮುಲಾಮು ಬೇಕು. ಚರ್ಮ ತೆಗೆಸುವ ಆಪರೇಷನ್ ಯೋಚಿಸುವುದು ತೂಕ ನಿಂತ ಮೇಲೆ, ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳಿಗೆ.